ಪಂಪಿನ ಸದ್ದು

...ಅಯ್ಯೋ, ಆ ಸೀರೆ ನೀನೇ ಇಟ್ಕೊಳ್ಳೇ! ಒಗೆದು ವಾಪಸ್ ಕೊಡೋ ಮಾತೆಲ್ಲ ಬೇಡ. ನಿನ್ನ ಬೀರು ತುಂಬ ಕೆಸರು ಕೂತಿದೆ, ಇನ್ನು ಉಟ್ಕೊಳ್ಳೋಕೆ ಏನಿದೆ ನಿಂಗೆ? ಬಾ, ಈ ಕುರ್ಚಿಗೆ ಬಾ. ಗಂಜಿ ಆರ್ತಾ ಇದೆ. ಎರಡೇ ಎರಡು ಚಮಚ, ಜಾಸ್ತಿ ಬೇಡ. ನಿಮ್ಮನೆ ಮೇಷ್ಟ್ರು ಹೋದಾಗಿನಿಂದ ನಿನ್ನ ಹೊಟ್ಟೆಗೆ ಏನು ಬಿದ್ದಿದೆ ಹೇಳು? ಟೀ, ಟೀ, ಬರೀ ಟೀ!

ಇರಲಿ, ಮಾತಾಡಬೇಡ. ಮಾತು ನನಗೆ ಬಿಡು. ನಮ್ಮನೆಯವರೂ ಅದನ್ನೇ ಹೇಳೋದು, ನಿನ್ನ ಬಾಯಿಗೆ ಬೀಗ ಹಾಕೋರು ಇನ್ನೂ ಹುಟ್ಟಿಲ್ಲ ಅಂತ. ಆದರೂ ಒಂದು ಹೇಳ್ತೀನಿ ಕೇಳು. ನಿನ್ನ ತಮ್ಮ ಬಂದು ಕರ್ಕೊಂಡು ಹೋಗೋವರೆಗೂ ನೀನು ಇಲ್ಲೇ ಇರಬೇಕು, ನಮ್ಮ ಮಹಡಿ ಮೇಲೆ. ಸೇತುವೆ ರಿಪೇರಿಯಾಗಲಿ, ಬಸ್ಸು ಬಿಡಲಿ, ನಿಧಾನಕ್ಕೆ ಹೋದ್ರಾಯ್ತು. ಇಷ್ಟೂ ಮಾಡದೆ ಹೋದ್ರೆ ಪಕ್ಕದ ಮನೆಯವರು ಅಂತ ಯಾತಕ್ಕೆ ಇರೋದು ನಾವು?

ಯಾಕೆ, ಬೆಚ್ಚಿಬಿದ್ದೆ? ಏನಿಲ್ಲ ಕಣೇ, ಕೆಳಗೆ ಇವರು ನೀರು ತಡೆಯೋಕೆ ಗೇಟಿಗೆ ಕೂಡಿಸಿದ್ದ ಹಲಗೆ ತೊಳೀತಿದ್ದಾರೆ. ಅಲ್ಯೂಮಿನಿಯಂ ಅಲ್ವಾ, ಸ್ವಲ್ಪ ತಾಗಿದ್ರೂ ಬೀದಿಗೆಲ್ಲ ಕೇಳತ್ತೆ. ಬೆಳಿಗ್ಗೆಯಿಂದ ಅದೇ ಜಾತ್ರೆ ಅಲ್ಲಿ! ಮೂಲೆಮನೆ ಡಾಕ್ಟರು ಬಂದ್ರು, ರಬ್ಬರ್ ಪಟ್ಟಿ ಎಳೆದೆಳೆದು ನೋಡಿದ್ರು. ಔಷಧಿ ಅಂಗಡಿಯವರು ಬಂದ್ರು, ಮಾಡಿದವನ ನಂಬರ್ ಬರ್ಕೊಂಡು ಹೋದ್ರು. ಕೂಡಿಸೋದು ಹೇಗೆ, ಬೋಲ್ಟ್ ಬಿಗಿಯೋದು ಹೇಗೆ, ಒಂದು ತೊಟ್ಟೂ ಒಳಗೆ ಬರಲಿಲ್ವಾ ಸಾರ್, ನಿಜವಾಗ್ಲೂ? ಇವರಿಗಂತೂ ಹೇಳಿ ಹೇಳಿ ಗಂಟಲು ಕಟ್ಟಿದೆ. ಇನ್ನು ಈ ಬೀದಿಲಿ ಮನೆಮನೆಗೂ ಗೋಡೆ ಏಳತ್ತೆ, ಮನೆಮನೆಗೂ ಹಲಗೆ ಬರತ್ತೆ. ಆಮೇಲೆ ಆ ನೀರು ಎಲ್ಲಿಗೆ ಹೋಗಬೇಕು ಅಂತ ನಾನು ಕೇಳಿದೆ. ಡಾಕ್ಟರು ಏನಂದ್ರು ಗೊತ್ತಾ? "ಹಿಂದಿನ ಬೀದಿ ಇದೆಯಲ್ಲಮ್ಮ" ಅಂದ್ರು. ಅಲ್ಲಿ ಮನುಷ್ಯರೇ ಇಲ್ಲ ಅನ್ನೋ ಹಾಗೆ!

ಹೂಂ, ನಗು ಬರತ್ತೆ ಅಲ್ವಾ... ಓ, ನೀನು ನಗಲಿಲ್ಲ. ನಕ್ಕೆ ಅಂದ್ಕೊಂಡೆ.

ಆ ಹುಡುಗಿ ನೆನಪಿದೆಯಾ ನಿಂಗೆ? ಶಾಲೆ ಹಾಲ್‌ನಲ್ಲಿ ಮೀಟಿಂಗ್ ಮಾಡಿದ್ರಲ್ಲ, ನಕ್ಷೆ ಸುತ್ಕೊಂಡು ಬಂದಿದ್ದಳಲ್ಲ ಇಂಜಿನಿಯರ್ ಹುಡುಗಿ. ಈಗಿನ ಮಳೆ ಮೊದಲಿನ ಹಾಗಲ್ಲ, ತಿಂಗಳ ಮಳೆ ಒಂದೇ ಮಧ್ಯಾಹ್ನ ಸುರಿದುಬಿಡತ್ತೆ, ಕೆರೆ ಏರಿ ತಡ್ಕೊಳ್ಳಲ್ಲ ಅಂದ್ಳು. ಏರಿ ಎತ್ತರ ಮಾಡಿದ್ರೂ ಅಷ್ಟೇ, ಮನೆಗೊಂದು ಗೋಡೆ ಕಟ್ಟಿದ್ರೂ ಅಷ್ಟೇ, ಈ ಬೀದಿ ಒಂದು ಕಾಲಕ್ಕೆ ಹಳ್ಳ ಹರೀತಿದ್ದ ಜಾಗ, ಇಳಿಜಾರಿನ ಸಾಲುಮನೆಗಳನ್ನ ತೆಗೆದು ಹಳ್ಳಕ್ಕೆ ದಾರಿ ಬಿಟ್ಟುಬಿಡಿ, ದಿಣ್ಣೆ ಮೇಲೆ ಎಲ್ಲರಿಗೂ ಜಾಗ ಕೊಡಿಸ್ತೀವಿ ಅಂದ್ಳು. ಪಾಪ, ಎಷ್ಟು ಸಾವಧಾನವಾಗಿ ಹೇಳಿದ್ಳು! ಇವರು ಎದ್ದು ನಿಂತು, "ನೀನು ಹುಟ್ಟೋಕೆ ಮೊದಲೇ ನಾನು ಇಲ್ಲಿ ಪಾಯ ತೋಡಿಸಿದ್ದು ಕಣಮ್ಮಾ" ಅಂದುಬಿಟ್ರು. ಏನು ಚಪ್ಪಾಳೆ! ನಾನೂ ತಟ್ಟಿದೆ. ಗಂಡ ಮಾತಾಡಿದ ಮೇಲೆ ತಟ್ಟದೆ ಇರೋಕಾಗತ್ತಾ?

ಮೇಷ್ಟ್ರು ಒಬ್ಬರೇ ಕೈ ಎತ್ತಿದ್ದು. ಬಲಗೈಗೆ ಪಾರ್ಶ್ವವಾಯು ಹೊಡೆದಿತ್ತಲ್ಲ, ಎಡಗೈ ಎತ್ತಿದ್ರು. "ಹು... ಹುಡುಗಿ ಹೇ... ಹೇಳೋದು ಸರಿ." ಅಷ್ಟು ಹೇಳೋಕೆ ಎಷ್ಟು ಹೊತ್ತು ಹಿಡೀತು! ಹಿಂದಿನ ಸಾಲಲ್ಲಿ ಯಾರೋ ಕಿಸಕ್ ಅಂದ್ರು... ನಾನಲ್ಲಪ್ಪ. ಯಾಕೆ ನನ್ನ ಮುಖ ನೋಡ್ತೀಯ? ನಾನು ನಗಲಿಲ್ಲ. ಊರಿನ ಅರ್ಧ ಮಕ್ಕಳಿಗೆ ಚಿತ್ರ ಬರೆಯೋಕೆ ಕಲಿಸಿದ ಮನುಷ್ಯ ಅವರು. ನನ್ನ ಮಗಳಿಗೂ ಅವರೇ ಅಲ್ವಾ ಕೈ ಹಿಡಿದು ಕಲಿಸಿದ್ದು?

ಆಮೇಲೆ ನಾವು ಗೋಡೆ ಎಬ್ಬಿಸಿದ್ವಿ. ನೀನು ಬಂದು ಕೇಳಿದ್ದೆ, "ಅಕ್ಕಾ, ಇದಕ್ಕೆ ತಾಗಿದ ನೀರು ನಮ್ಮ ಕಡೆ ತಿರುಗಲ್ವಾ?" ಅಂತ. ಇವರು, ನೀವೂ ಒಂದು ಗೋಡೆ ಕಟ್ಟಿಸ್ಕೊಳ್ಳಿ ಅಂದ್ರು. ಆ ಮಾತು ಅನ್ನಬಾರದಿತ್ತು. ಮೇಷ್ಟ್ರ ಔಷಧಿಗೇ ನೀನು ಒದ್ದಾಡ್ತಿದ್ದೆ, ಗೋಡೆ ಎಲ್ಲಿಂದ ಕಟ್ಟಿಸ್ತೀಯ... ನಾನು ಆವತ್ತು ಒಳಗೆ ಹೋಗಿಬಿಟ್ಟೆ. ಒಲೆ ಮೇಲೆ ಹಾಲಿತ್ತು.

ತಿನ್ನೇ, ದಮ್ಮಯ್ಯ. ಇನ್ನೊಂದು ಚಮಚ.

ನೀರು ನುಗ್ಗಿದ ದಿನ ನೋಡು, ಊಟ ಮುಗಿಸಿ ಇದೇ ಕೋಣೇಲಿ ಅಡ್ಡಾಗಿದ್ದೆ. ಫೋನಿಗೆ ಸಂದೇಶ ಬಂತು, ಕೆರೆ ತುಂಬಿದೆ, ಎಚ್ಚರ ಅಂತ. ಅಂಥದ್ದು ಎಷ್ಟು ಬಂದಿಲ್ಲ? ಬಂದಾಗಲೆಲ್ಲ ಗಂಟು ಕಟ್ಕೊಂಡು ಓಡೋಕಾಗತ್ತಾ? ಅಷ್ಟರಲ್ಲಿ ಏರಿ ಒಡೆದು ಹೋಯ್ತು. ಇವರು ಹಲಗೆ ಕೂಡಿಸೋ ಹೊತ್ತಿಗೆ ನೀರು ಮೊಣಕಾಲಿಗೆ ಬಂದಿತ್ತು. ನೆಲದಿಂದ ಒಸರಿದ್ದನ್ನ ಆಚೆ ಹಾಕೋಕೆ ಡೀಸೆಲ್ ಪಂಪು ಶುರು ಮಾಡಿದ್ವಿ. ಅದರ ಸದ್ದು ನಿಂಗೆ ಗೊತ್ತಲ್ಲ, ಪಕ್ಕದಲ್ಲಿ ಕೂತವರ ಮಾತೇ ಕೇಳಲ್ಲ! ಬಾಗಿಲು ಹಾಕಿ, ಕಿಟಕಿ ಹಾಕಿ ಕೂತುಬಿಟ್ವಿ. ಏನೂ ಕೇಳಿಸಲಿಲ್ಲ ಕಣೇ. ಕೇಳಿಸಿದ್ರೆ ಬರದೆ ಇರ್ತಿದ್ವಾ? ನೀನೇ ಹೇಳು, ಬರದೆ ಇರ್ತಿದ್ವಾ? ಸಂಜೆ ದೋಣಿಯವರು ಕೂಗಿದ ಮೇಲೇ ನಮಗೆ ಗೊತ್ತಾಗಿದ್ದು.

ಹ್ಞಾಂ? ...ಓ, ಅದಾ. ಆಗ ಪಂಪು ನಿಂತಿತ್ತು. ಡೀಸೆಲ್ ಮುಗಿದಿತ್ತು. ಅದಕ್ಕೇ ದೋಣಿಯವರ ಕೂಗು ಕೇಳಿಸಿದ್ದು.

ನೋಡು, ನಿನ್ನನ್ನು ನೀನೇ ಹಳ್ಕೊಂಡು ಕೂರಬೇಡ. ನಿನ್ನ ಕೈಲಾದದ್ದೆಲ್ಲ ನೀನು ಮಾಡಿದೀಯ. ದೋಣಿಯವರು ನಿಮ್ಮನೆ ಒಳಗೆ ಕಂಡದ್ದು ಹೇಳಿದ್ರು, ಅಷ್ಟು ಭಾರದ ಮನುಷ್ಯನ್ನ ಒಬ್ಬಳೇ ಟೇಬಲ್ ಮೇಲೆ ಎತ್ತಿ ಮಲಗಿಸಿ, ನೀರು ಏರ್ತಾ ಏರ್ತಾ ತಲೆ ಎತ್ತಿ ಹಿಡ್ಕೊಂಡು ನಿಂತೆಯಲ್ಲ, ಯಾರಿಂದಾಗತ್ತೆ? ಅವರನ್ನ ಒಬ್ಬರನ್ನೇ ಬಿಟ್ಟು ಸಹಾಯ ಕೇಳೋಕೆ ಬಂದೆ ಅಂತ ಕೊರಗ್ತೀಯಾ? ಕೊರಗಬೇಡ. ಎದೆಮಟ್ಟ ನೀರಲ್ಲಿ, ಆ ಹೊಡೆಯೋ ಮಳೆಗೆ ತಲೆ ಮೇಲೆ ಹಳದಿ ಬಕೆಟ್ ಬೋರಲು ಹಾಕ್ಕೊಂಡು, ಒಂದು ಕೈಲಿ ನಮ್ಮ ಹಲಗೆ ಹಿಡ್ಕೊಂಡು ನಿಂತಿದ್ದೆಯಲ್ಲ, ಆ ಧೈರ್ಯ ನನಗಂತೂ...

ಏನು?

ಯಾಕೆ ಚಮಚ ಕೆಳಗಿಟ್ಟೆ?

ನೀನೇ ಹೇಳಿದ್ದಲ್ವಾ... ಆಸ್ಪತ್ರೇಲಿ... ಹೇಳಿಲ್ವಾ? ನೀನು ಯಾರ ಹತ್ರಾನೂ ಮಾತೇ ಆಡಿಲ್ಲ, ಹೌದು. ಹಾಗಾದ್ರೆ ಎದುರುಮನೆಯವರು ಹೇಳಿರಬೇಕು. ಅವರೇ... ಇಲ್ಲ, ಅವರು ಊರಲ್ಲೇ ಇರಲಿಲ್ಲ. ಬೀಗ ಹಾಕಿತ್ತು. ಮತ್ತೆ ಯಾರು... ಹಾಗೆ ನೋಡಬೇಡ ಕಣೇ. ಅಳು, ಬೇಕಾದ್ರೆ ತಟ್ಟೆ ಎತ್ತಿ ಬಿಸಾಡು, ಹಾಗೆ ಮಾತ್ರ ನೋಡಬೇಡ!

ಈ ಕಿಟಕಿ ಪರದೆ ಸ್ವಲ್ಪ ಸರಿಸಿದ್ದೆ. ಒಂದು ಬೆರಳಿನಷ್ಟು. ನೀನು ಕಂಡೆ. ತಕ್ಷಣ ಇವರನ್ನ ಕರೆದೆ, ಕರೆದೆ ಕಣೇ, ನನ್ನ ಮಗಳ ಮೇಲೆ ಆಣೆ! ಒಂದು ಹಲಗೆ ತೆಗೆದ್ರೆ ಎಲ್ಲಾ ಹೋಯ್ತು ಅಂದ್ರು. ಕೆಳಗಿನ ಮನೆ, ಕಾರು, ಇಷ್ಟು ಮಾಡಿದ್ದೆಲ್ಲ ನೀರಲ್ಲಿ ಹೋಮ ಅಂದ್ರು. ಹಗ್ಗ ಕೊಡೋಣ ಅಂದೆ. ಏಣಿ ಇಳಿಸೋಣ ಅಂದೆ... ಅಂದ್ನಾ? ಅಂದ್ಕೊಂಡೆ. ಅಂದ್ಕೊಂಡಿದ್ದು ನಿಜ. ದೋಣಿ ಬರತ್ತೆ ಬಿಡು ಅಂದ್ರು ಇವರು. ನಾನೂ, ಬರತ್ತೆ ಅಂತ ಪರದೆ ಎಳೆದೆ. ಮತ್ತೆ ಸರಿಸಿದಾಗ್ಲೂ ನೀನು ಅಲ್ಲೇ ಇದ್ದೆ. ಬೆಳಕಿತ್ತು, ಎಲ್ಲಾ ಚೆನ್ನಾಗಿ ಕಾಣ್ತಿತ್ತು.

ಆದರೆ ನಾನು ಸುಳ್ಳು ಹೇಳಲಿಲ್ಲ. ಕೇಳಿಸಲಿಲ್ಲ, ನಿಜವಾಗ್ಲೂ ನಿನ್ನ ಧ್ವನಿ ಒಂದಿಷ್ಟೂ ಕೇಳಿಸಲಿಲ್ಲ. ಬಾಯಿ ಮಾತ್ರ ಕಾಣ್ತಿತ್ತು. ಅಕ್ಕಾ ಅಂತ ಕೂಗ್ತಿದ್ದೆ... ಅಕ್ಕಾ ಅನ್ನೋದು ಬಾಯಿ ನೋಡಿದ್ರೇ ಗೊತ್ತಾಗಿಬಿಡತ್ತೆ.

ಎಲ್ಲಿಗೆ ಎದ್ದೆ? ಅಲ್ಲಿ ಏನಿದೆ ಕೆಸರು ಬಿಟ್ಟು, ಕೂರೋಕೆ ಒಣ ಜಾಗ ಇಲ್ಲ. ನಿಲ್ಲು. ಒಂದು ಮಾತು ಬೈದು ಹೋಗು. ಬಾಯಿಗೆ ಬಂದದ್ದು ಅನ್ನು, ಕೆಳಗೆ ಇವರಿಗೂ ಕೇಳಲಿ, ಬೀದಿಗೆಲ್ಲ ಕೇಳಲಿ. ಈಗ ಪಂಪಿಲ್ಲ ಕಣೇ. ಏನಂದ್ರೂ ಕೇಳಿಸತ್ತೆ.

ಅನ್ನೇ...