ವಾರಗಿತ್ತಿಗಿಂತ ಚಿಕ್ಕ ವಯಸ್ಸು

ವಿಜಯನಗರದ ಆಸ್ಪತ್ರೆಯೊಂದರಲ್ಲಿ ಟ್ರೆಡ್‌ಮಿಲ್ ಕೋಣೆಯ ಹೊರಗೆ ಕೂತಿದ್ದೆ. ಪಕ್ಕದಲ್ಲಿ ಜಗದಾಂಬಾ, ಅವರ ವಾರಗಿತ್ತಿ ಶಿವಲೀಲಾ. ಕೇದಾರಯಾತ್ರೆಗೆ ಫಿಟ್‌ನೆಸ್ ಸರ್ಟಿಫಿಕೇಟ್ ಪಡೆಯಲು ಇಬ್ಬರೂ ಆಗಷ್ಟೇ ನಡೆದು ಬಂದಿದ್ದರು.

“ಇಬ್ರೂ ಅಷ್ಟಷ್ಟೇ ಹೊತ್ತು ನಡೆದ್ವಿ. ನಿಂದು ನಾರ್ಮಲ್, ನಂದು ಕಮ್ಮಿ ಅಂತೆ. ಮೆಷಿನ್ನಿಗೂ ನೀನಂದ್ರೇನೇ ಪ್ರೀತಿ,” ಎಂದರು ಜಗದಾಂಬಾ.

“ಹಾಗಲ್ಲಕ್ಕ. ವಯಸ್ಸು ನೋಡಿ ಲೆಕ್ಕ ಹಾಕ್ತಾರಂತೆ. ವಯಸ್ಸಾದಷ್ಟೂ ಕಮ್ಮಿ ನಡೆದ್ರೂ ನಾರ್ಮಲ್ಲೇ. ನೀವೆಷ್ಟು ಹೇಳಿದ್ರಿ? ಆಗ ನಾನು ಗಮನ ಕೊಡ್ಲಿಲ್ಲ.”

“ಐವತ್ತು.”

“ನಂಗೇ ಐವತ್ನಾಲ್ಕಲ್ವಾ ಅಕ್ಕ?”

“ಕೌಂಟರಲ್ಲಿ ನೀನು ಪಕ್ಕದಲ್ಲೇ ನಿಂತಿದ್ಯಲ್ಲ. ನಿನಗಿಂತ ಜಾಸ್ತಿ ಹೇಳೋಕೆ ಬಾಯೇ ಬರ್ಲಿಲ್ಲ. ಮದುವೆ ಮನೇಲೆಲ್ಲ ಈಗ್ಲೂ ನಿನ್ನೇ ಹುಡುಗಿ ಅಂತಾರೆ.”

“ಸರ್ಟಿಫಿಕೇಟ್ ಇಲ್ದಿದ್ರೆ ಯಾತ್ರೆಯವ್ರು ನಿಮ್ಮನ್ನ ಕರ್ಕೊಂಡೋಗಲ್ಲ.”

“ನೀನು ಹೋಗಿ ಬಾ. ಪುಣ್ಯಾನೂ ನಿಂಗೇ ಇರ್ಲಿ.”

“ನೀವಿಲ್ದೆ ನಾನೂ ಹೋಗಲ್ಲ. ಕೌಂಟರಲ್ಲಿ ನಿಜ ಹೇಳಿ ಬನ್ನಿ. ನಾನು ಲಿಫ್ಟ್ ಹತ್ರ ನಿಂತಿರ್ತೀನಿ, ಅಲ್ಲಿಗೆ ಕೇಳ್ಸಲ್ಲ.”

ಜಗದಾಂಬಾ ಎದ್ದರು.

“ಈ ಕಡೆ ತಿರುಗ್ಬೇಡ ಮತ್ತೆ.”

ಶಿವಲೀಲಾ ಲಿಫ್ಟಿನ ಬಳಿ ಹೋಗಿ ಗೋಡೆಗೆ ಮುಖ ಮಾಡಿ ನಿಂತರು. ಕೌಂಟರಿಗೆ ಹೊರಟ ಜಗದಾಂಬಾ ನನ್ನ ಕಡೆ ಒಮ್ಮೆ ನೋಡಿದರು. ನಾನೂ ಎದ್ದು ಲಿಫ್ಟಿನತ್ತ ನಡೆದೆ.