ಬಲಗಡೆಯ ಸೆರಗು

ಹೆಸರು: ಶೀಲಾ, ಗಂಡ ಮಹೇಶ್. ವಯಸ್ಸು: 43 ವರ್ಷ. ವಾಸ: ಆನೇಮಹಲ್, ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ. ವೃತ್ತಿ: ಕಥೆ ಬರೆಯುವುದು. ರೈಟರ್ ಎಂದಾಗ ಯಾವ ಎಸ್ಟೇಟು ಎಂದು ತಾವು ಕೇಳಿದ್ದರಿಂದ ತಿಳಿಸುತ್ತೇನೆ, ನಾನು ತೋಟದಲ್ಲಿ ಹಾಜರಿ ಬರೆಯುವ ರೈಟರ್ ಅಲ್ಲ. ಪತ್ರಿಕೆಗಳಿಗೆ ಕಥೆ ಬರೆಯುತ್ತೇನೆ.

ಹಾಸನದ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ, ಮಾತಾಡಲು ಅಡ್ಡಿಯಿಲ್ಲವೆಂದು ಡಾಕ್ಟರು ಹೇಳಿದ ಮೇಲೆ, ನನ್ನ ಮಂಚದ ಪಕ್ಕ ಕುಳಿತಿರುವ ಮಹಿಳಾ ಸಬ್ ಇನ್ಸ್‌ಪೆಕ್ಟರ್ ಅವರಿಗೆ ನಾನು ಹೇಳಿ ಬರೆಸುತ್ತಿರುವುದು ಹೀಗಿದೆ.

ನಾನು ಹದಿನೈದು ವರ್ಷಗಳಿಂದ ಬರೆಯುತ್ತಿದ್ದೇನೆ. ನನ್ನ ಗಂಡ ಬಾಡಿಗೆಗೆ ಪಿಕಪ್ ಓಡಿಸುತ್ತಾರೆ. ಅವರು ಹೊರಟ ಮೇಲೆ ಅಡುಗೆಮನೆಯ ಮೇಜಿನ ಮುಂದೆ ಕುಳಿತು ಬರೆಯುವುದು ನನ್ನ ರೂಢಿ. ಕಳಿಸಿದ್ದರಲ್ಲಿ ಹೆಚ್ಚಿನವು ಅಚ್ಚಾಗುವುದಿಲ್ಲ, ಉತ್ತರವೂ ಬರುವುದಿಲ್ಲ. ಅಚ್ಚಾದದ್ದನ್ನು ನಮ್ಮ ಊರಿನಲ್ಲಿ ಯಾರಾದರೂ ಓದುತ್ತಾರೆಯೇ ಎಂಬುದು ನನಗೆ ಈವರೆಗೂ ಗೊತ್ತಿರಲಿಲ್ಲ.

ಕಳೆದ ಅಕ್ಟೋಬರ್ ತಿಂಗಳಲ್ಲಿ ಒಂದು ವಾರಪತ್ರಿಕೆಯಲ್ಲಿ ನನ್ನ ಕಥೆ ಬಂದಿತು. ಅದರಲ್ಲಿ ಒಬ್ಬ ತೋಟದ ಮಾಲೀಕ ಹೆಂಡತಿಯನ್ನು ಮನೆಯೊಳಗೇ ಕೊಲ್ಲುತ್ತಾನೆ. ಆಗ ಆಕೆ ನೈಟಿಯಲ್ಲಿರುತ್ತಾಳೆ. ಹೆಣಕ್ಕೆ ಸೀರೆ ಉಡಿಸಿ, ಆನೆ ತಿರುಗಾಡುವ ದಾರಿಯಲ್ಲಿ ಹಾಕಿ, ಆನೆ ತುಳಿಯಿತೆಂದು ಊರನ್ನು ನಂಬಿಸುತ್ತಾನೆ. ಜನ ಸೇರುವ ಮೊದಲು ಹೆಣದ ಮೈ ಮುಚ್ಚಲು ಲೈನಿನ, ಅಂದರೆ ತೋಟದ ಆಳುಗಳ ಸಾಲುಮನೆಯ, ಒಬ್ಬ ಹೆಂಗಸನ್ನು ಕರೆಸುತ್ತಾರೆ. ಸೆರಗು ಎಡ ಹೆಗಲ ಬದಲು ಬಲ ಹೆಗಲ ಮೇಲಿರುವುದನ್ನು ಆಕೆ ನೋಡುತ್ತಾಳೆ. ಇದು ಹೆಂಗಸು ತಾನೇ ಉಟ್ಟ ಸೀರೆಯಲ್ಲ ಎಂದು ಆಕೆಗೆ ತಿಳಿಯುತ್ತದೆ. ಸೆರಗನ್ನು ಸರಿಮಾಡಿ ಸುಮ್ಮನಾಗುತ್ತಾಳೆ.

ಇದು ನನಗೆ ಹೇಗೆ ಹೊಳೆಯಿತೆಂದು ತಾವು ಕೇಳಿದ್ದೀರಿ. ಒಮ್ಮೆ ಪಾಳ್ಯದಿಂದ ಬಸ್ಸಿನಲ್ಲಿ ಬರುವಾಗ ಹಿಂದಿನ ಸೀಟಿನಲ್ಲಿದ್ದ ಯಾರೋ, ಈ ಕಡೆ ಸಾಯಿಸಿ ಆನೆ ಹೆಸರು ಹೇಳ್ಬುಟ್ರೆ ಕೇಳೋರೇ ಇಲ್ಲ ಕಣೋ ಎಂದು ನಗಾಡಿದರು. ಆ ಮಾತು ತಲೆಯಲ್ಲಿ ಉಳಿಯಿತು. ಬರೆಯುವಾಗ, ಗಂಡಸು ಹೆಣಕ್ಕೆ ಸೀರೆ ಉಡಿಸಿದರೆ ಎಲ್ಲಿ ತಪ್ಪುತ್ತಾನೆ ಎಂದು ತಿಳಿಯಲಿಲ್ಲ. ನಾನು ನೆಲದ ಮೇಲೆ ಮಲಗಿ ಮೈ ಸಡಿಲ ಬಿಟ್ಟು, ಉಡಿಸಿ ನೋಡಿ ಎಂದು ನನ್ನ ಗಂಡನಿಗೆ ಹೇಳಿದೆ. ಅವರು ಬೈದುಕೊಂಡೇ ಉಡಿಸಿದರು. ಎದುರು ಕುಳಿತು ಉಡಿಸಿದ್ದರಿಂದ ಅವರ ಎಡ ನನ್ನ ಬಲವಾಯಿತು. ಸೆರಗು ನನ್ನ ಬಲ ಹೆಗಲ ಮೇಲೆ ಬಂತು. ಇಬ್ಬರೂ ನಕ್ಕೆವು. ನಾನು ಎದ್ದು ಹೋಗಿ ಅದನ್ನೇ ಬರೆದೆ. ಬೇಕಾದರೆ ಮಹೇಶ್ ಅವರನ್ನು ಪ್ರತ್ಯೇಕವಾಗಿ ವಿಚಾರಿಸಬಹುದು.

ನವೆಂಬರ್ 17, ಭಾನುವಾರ ಬೆಳಿಗ್ಗೆ ಸುಮಾರು ಹತ್ತೂವರೆಗೆ ಮನೆಯ ಮುಂದೆ ಜೀಪು ನಿಂತಿತು. ಮಹೇಶ್ ಆಲೂರಿಗೆ ಬಾಡಿಗೆ ಹೋಗಿದ್ದರು. ಇಳಿದು ಬಂದವರಿಗೆ ಐವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿದ್ದರು. ತಮ್ಮ ಹೆಸರು ರಾಜಶೇಖರ್, ಹಾನುಬಾಳಿನ ಹತ್ತಿರ ತೋಟವಿದೆ, ನಿಮ್ಮ ಕಥೆ ಓದಿ ನೋಡಲು ಬಂದೆ ಎಂದರು. ಓದುಗರೊಬ್ಬರು ನನ್ನ ಮನೆ ಹುಡುಕಿಕೊಂಡು ಬಂದದ್ದು ಅದೇ ಮೊದಲು. ನನಗೆ ಬಹಳ ಸಂತೋಷವಾಯಿತು. ಒಳಗೆ ಕರೆದು ಕೂರಿಸಿ, ಮನೆಯಲ್ಲಿದ್ದ ಒಳ್ಳೆಯ ಲೋಟದಲ್ಲಿ ಕಾಫಿ ಕೊಟ್ಟೆ.

ಕಥೆಯಲ್ಲಿ ಭಾಷೆ ಚೆನ್ನಾಗಿದೆ ಎಂದರು. ಎಷ್ಟು ದಿನ ಹಿಡಿಯುತ್ತದೆ, ಯಾರಿಗಾದರೂ ಓದಿ ತೋರಿಸುತ್ತೀರಾ ಎಂದು ಕೇಳಿದರು. ನಾನು ಎಲ್ಲವನ್ನೂ ವಿವರಿಸಿದೆ. ಆಮೇಲೆ ಅವರು, ತಮ್ಮ ಹೆಂಡತಿ ಶೃತಿಯನ್ನೂ ಮೂರು ವರ್ಷದ ಹಿಂದೆ ಆನೆ ತುಳಿದು ಕೊಂದದ್ದು ಎಂದರು. ಗೊತ್ತಿರಲಿಲ್ಲ ಸಾರ್, ನಿಮಗೆ ನೋವಾಗಿದ್ದರೆ ಕ್ಷಮಿಸಿ ಎಂದೆ. ಅವರು ನನ್ನ ಮುಖವನ್ನೇ ನೋಡುತ್ತಾ, "ಯಾರು ಹೇಳಿದ್ದು ನಿಮಗೆ?" ಎಂದರು. ಯಾರೂ ಹೇಳಿಲ್ಲ, ಎಲ್ಲ ನಾನೇ ಕಟ್ಟಿದ್ದು ಎಂದೆ.

"ಕಟ್ಟಿದ್ದು ಅಂತೀರಿ. ಸೆರಗೂ ಕಟ್ಟಿದ್ದಾ?" ಎಂದರು.

ಹೌದು ಎಂದೆ. ಅವರು ಲೋಟವನ್ನು ನೆಲದ ಮೇಲೆ ಮೆಲ್ಲಗೆ ಇಟ್ಟು, ಎದ್ದು, ಬಾಗಿಲು ಹಾಕಿ ಚಿಲಕ ಹಾಕಿದರು. ತಿರುಗಿದವರೇ ನನ್ನ ಎಡಕೆನ್ನೆಗೆ ಮುಷ್ಟಿಯಿಂದ ಹೊಡೆದರು. ನಾನು ಕುರ್ಚಿಯ ಸಮೇತ ಹಿಂದಕ್ಕೆ ಬಿದ್ದೆ. ಬಾಯಿ ರಕ್ತವಾಯಿತು, ನಾಲಗೆಗೆ ಒಂದು ಹಲ್ಲು ಸಿಕ್ಕಿತು.

ಆತ ನನ್ನ ಜಡೆ ಹಿಡಿದು ಎಳೆದು, ಹಣೆಯನ್ನು ಬಾಗಿಲ ಚೌಕಟ್ಟಿಗೆ ಬಡಿದನು. ಪ್ರತಿ ಸಲ ಬಡಿದಾಗಲೂ "ಹೆಸರು ಹೇಳು" ಎನ್ನುತ್ತಿದ್ದನು. ಕೂಗಿ ಹೇಳುತ್ತಿರಲಿಲ್ಲ, ಸಾಮಾನ್ಯ ದನಿಯಲ್ಲೇ ಹೇಳುತ್ತಿದ್ದನು. ನಾನು ದೇವರಾಣೆ ಯಾರೂ ಇಲ್ಲ ಎಂದೆ. ನೆಲಕ್ಕೆ ಬಿದ್ದ ಮೇಲೆ ಬೂಟುಗಾಲಿನಿಂದ ಪಕ್ಕೆಗೆ ಒದ್ದನು. ಒಳಗೆ ಏನೋ ಮುರಿದದ್ದು ನನಗೇ ಕೇಳಿಸಿತು. ಉಸಿರು ತೆಗೆದುಕೊಳ್ಳಲು ಆಗಲಿಲ್ಲ. ಬಾಯಿಗೆ ಒಂದು ಹೆಸರು ಬಂದಿತ್ತು. ಕಥೆಯಲ್ಲಾದರೆ ಹೆಸರು ಹುಟ್ಟಿಸುವುದು ನನಗೆ ಕ್ಷಣದ ಕೆಲಸ. ಒಂದು ಹೆಸರು ಹೇಳಿದ್ದರೆ ಆತ ಹೊಡೆಯುವುದನ್ನು ನಿಲ್ಲಿಸುತ್ತಿದ್ದನು. ಆದರೆ ಯಾವ ಹೆಸರು ಹೇಳಿದರೂ ಆ ಹೆಸರಿನ ಒಬ್ಬರು ಈ ತಾಲ್ಲೂಕಿನಲ್ಲಿ ಇದ್ದೇ ಇರುತ್ತಾರೆ ಎಂದು ಹೆದರಿಕೆಯಾಗಿ ಬಾಯಿ ಮುಚ್ಚಿಕೊಂಡೆ.

ಆತ ನನ್ನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಮಾತಾಡಲು ಶುರುಮಾಡಿದನು. ನನಗೆ ಹೇಳುತ್ತಿದ್ದನೋ ತನಗೇ ಹೇಳಿಕೊಳ್ಳುತ್ತಿದ್ದನೋ ತಿಳಿಯದು. "ಪೊಲೀಸಿನವರು ಬರೋಕೆ ಮುಂಚೆ ಸೆರಗು ಎಡಕ್ಕೆ ಬಂದಿತ್ತು. ಫಾರೆಸ್ಟಿನವರು ನೋಡಿದ್ದೂ ಎಡಕ್ಕಿದ್ದದ್ದೇ. ಬಲಕ್ಕಿದ್ದದ್ದು ಉಡಿಸಿದ ನನಗೂ ಗೊತ್ತಿರಲಿಲ್ಲವಲ್ಲೇ, ನಿನ್ನ ಕಥೆ ಓದಿದ ಮೇಲೆ ನೆನಪು ಮಾಡ್ಕೊಂಡೆ. ನಿನಗೆ ಹೆಂಗೆ ಗೊತ್ತಾಯ್ತು?" ಎಂದನು. ಇವು ಆತನದೇ ಮಾತುಗಳು. ಆ ಹೊತ್ತಿಗೆ ನನಗೆ ವಿಷಯ ಅರ್ಥವಾಯಿತು. ಅರ್ಥವಾದದ್ದು ಮುಖದಲ್ಲಿ ಕಾಣಬಾರದೆಂದು ಕಣ್ಣು ಮುಚ್ಚಿಕೊಂಡೆ.

ಆತ, "ಸೀರೆ ಮುಟ್ಟಿದೋಳು ಒಬ್ಬಳೇ. ಭದ್ರಿ" ಎಂದು ಎದ್ದನು. ನನ್ನ ಫೋನನ್ನು ಗೋಡೆಗೆ ಎಸೆದು ಒಡೆದು, ಹೊರಗಿನಿಂದ ಬಾಗಿಲಿಗೆ ಚಿಲಕ ಹಾಕಿದನು. ಜೀಪು ಹೊರಟದ್ದು ಕೇಳಿಸಿತು.

ಭದ್ರಿ ಎಂಬುವವರನ್ನು ನಾನು ಅದುವರೆಗೆ ಕಂಡವಳಲ್ಲ, ಕೇಳಿದವಳೂ ಅಲ್ಲ. ಆದರೆ ನನ್ನ ಕಥೆಯಲ್ಲಿ ಸೆರಗು ಸರಿಮಾಡಿದ ಹೆಂಗಸಿದ್ದಾಳೆ. ಹೆಸರಿಡದೆ ಬರೆದಿದ್ದ ಆಕೆಗೆ ಈಗ ಹೆಸರು ಸಿಕ್ಕಿತ್ತು, ಆತ ಆಕೆಯ ಹತ್ತಿರ ಹೊರಟಿದ್ದನು.

ನಾನು ತೆವಳಿಕೊಂಡು ಅಡುಗೆಮನೆಗೆ ಹೋಗಿ ಹಿಂಬಾಗಿಲಿನಿಂದ ಹೈವೇಗೆ ಬಂದೆ. ನಮ್ಮ ಮನೆಯಿಂದ ನಾಲ್ಕನೆಯದು ಚಾಂದ್ ಪಾಷಾ ಅವರ ಅಂಗಡಿ. ಅವರು ತೋಟಗಳಿಂದ ಕಾಫಿ ಖರೀದಿ ಮಾಡುವವರು. ನನ್ನನ್ನು ನೋಡಿ, "ಯಾ ಅಲ್ಲಾ, ಏನಕ್ಕಾ ಇದು, ಮೊದ್ಲು ಆಸ್ಪತ್ರೆಗೆ ನಡೀರಿ" ಎಂದರು. ನಾನು ಬೇಡ, ಹಾನುಬಾಳಿನ ರಾಜಶೇಖರ್ ತೋಟಕ್ಕೆ ಬಿಡಿ, ಅಲ್ಲಿ ಒಬ್ಬರನ್ನು ಕೊಲ್ಲುತ್ತಾರೆ ಎಂದೆ. ಆ ತೋಟ ಅವರಿಗೆ ಗೊತ್ತಿತ್ತು. ಮರುಮಾತಿಲ್ಲದೆ ಜೀಪು ತೆಗೆದರು. ದಾರಿಯಲ್ಲೇ 112ಕ್ಕೆ ಫೋನ್ ಮಾಡಿದರು. ಪ್ರತಿ ತಿರುವಿನಲ್ಲೂ ನನಗೆ ಪಕ್ಕೆ ಕಿತ್ತು ಬರುವಂತಾಗಿ ಎರಡು ಸಲ ವಾಂತಿಯಾಯಿತು. ಅವರು ನಿಲ್ಲಿಸಲೇ ಎಂದು ಕೇಳಿದರು. ಬೇಡವೆಂದೆ.

ತೋಟದ ಲೈನು ಕಾಫಿ ಸ್ಟೋರಿನ ಹಿಂದೆ, ಇಳಿಜಾರಿನಲ್ಲಿದೆ. ನಾವು ಹೋದಾಗ ಲೈನಿನವರೆಲ್ಲ ತಮ್ಮ ತಮ್ಮ ಬಾಗಿಲಲ್ಲಿ ನಿಂತಿದ್ದರು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಸುಮಾರು ಅರವತ್ತು ವರ್ಷದ ಹೆಂಗಸು ಮಂಡಿಯೂರಿ ಕುಳಿತಿದ್ದರು. ಬಲ ಹೆಗಲಿನಿಂದ ತೋಳಿನವರೆಗೆ ಕಡಿದ ಗಾಯ ಬಾಯಿ ಬಿಟ್ಟಿತ್ತು, ಸೋಪಿನ ನೀರಿನಲ್ಲಿ ರಕ್ತ ಹರಿಯುತ್ತಿತ್ತು. ಅವರೇ ಭದ್ರಮ್ಮ. ರಾಜಶೇಖರ್ ಕೈಯಲ್ಲಿ ನೆರಳಿನ ಮರಗಳ ಕೊಂಬೆ ಸವರುವ ಮರಗಸಿ ಕತ್ತಿ ಇತ್ತು. ಬಿಳಿ ಶರಟಿನ ತೋಳೆಲ್ಲ ಕೆಂಪಾಗಿತ್ತು. ತೋಟದ ಮೇಸ್ತ್ರಿ ಜವರಯ್ಯ ಎಂಬುವವರು ಹತ್ತು ಅಡಿ ದೂರದಲ್ಲಿ ಕೈ ಮುಗಿದುಕೊಂಡು, "ಬುಡಿ ಸಾವ್ಕಾರ್ರೇ, ಸತ್ತೋಯ್ತಾಳೆ, ಬುಡಿ" ಎಂದು ಬೇಡುತ್ತಿದ್ದರು. ಯಾರೂ ಹತ್ತಿರ ಹೋಗಲಿಲ್ಲ.

ಆತ ಭದ್ರಮ್ಮನವರಿಗೆ, "ಯಾರಿಗೆ ಹೇಳಿದ್ದೀಯ, ಇನ್ನೂ ಯಾರಿಗೆ ಹೇಳಿದ್ದೀಯ?" ಎಂದು ಕೇಳುತ್ತಿದ್ದನು. ಆಕೆ, "ನಾನ್ಯಾರ್ಗೂ ಏಳಿಲ್ಲ ಕಣಪ್ಪ, ನನ್ ಮಗಳಾಣೆಗೂ ಏಳಿಲ್ಲ" ಎನ್ನುತ್ತಿದ್ದರು. ಆತ ಕತ್ತಿ ಎತ್ತಿ ಮತ್ತೊಮ್ಮೆ ಬೀಸಿದನು. ಆಕೆ ಅಡ್ಡ ಹಿಡಿದ ಎಡಗೈಯ ಎರಡು ಬೆರಳು ಕಲ್ಲಿನ ಮೇಲೆ ಬಿದ್ದವು.

ಚಾಂದ್ ಪಾಷಾ ಹಾರನ್ನು ಒತ್ತಿ ಹಿಡಿದರು. ಆತ ತಿರುಗಿ ನೋಡಿದನು. ನಾನು ಆ ವೇಳೆಗೆ ಇಳಿದಿದ್ದೆ. ಲೈನಿನ ಮುಂದೆ ಒಟ್ಟಿದ್ದ ಸೌದೆಯಿಂದ ಒಂದು ತುಂಡು ತೆಗೆದುಕೊಂಡು, ಎರಡೂ ಕೈಯಲ್ಲಿ ಹಿಡಿದು, ಆತನ ಮೊಣಕಾಲಿಗೆ ಹೊಡೆದೆ. ಆತ ಕುಸಿದನು, ಕತ್ತಿ ಕೈಜಾರಿತು. ಅಷ್ಟಕ್ಕೇ ನಿಲ್ಲಿಸಬಹುದಾಗಿತ್ತು. ನಾನು ನಿಲ್ಲಿಸಲಿಲ್ಲ. ಬಿದ್ದವನಿಗೆ ಮತ್ತೆ ಹೊಡೆದೆ. ಎಷ್ಟು ಸಲ ಎಂದು ನೆನಪಿಲ್ಲ. ಆತನ ದವಡೆ ಮುರಿದಿದ್ದರೆ ಅದು ನನ್ನಿಂದ ಆದದ್ದು, ಬೇರೆ ಯಾರನ್ನೂ ಅದಕ್ಕೆ ಸಿಕ್ಕಿಸಬಾರದು. ಚಾಂದ್ ಪಾಷಾ ಹಿಂದಿನಿಂದ ಬಂದು, "ಸಾಕು ಅಕ್ಕಾ, ಸಾಕು, ಆಯಮ್ಮನ್ನ ನೋಡಿ" ಎಂದು ಸೌದೆ ಕಿತ್ತುಕೊಂಡರು.

ಆಗ ಜವರಯ್ಯ ಮುಂದೆ ಬಂದು ಕತ್ತಿಯನ್ನು ದೂರ ಒದ್ದರು. ಲೈನಿನ ಹೆಂಗಸರು ಒಬ್ಬೊಬ್ಬರೇ ಬಂದರು. ನಾಲ್ಕು ಜನ ಸೇರಿ ಮಾಲೀಕನನ್ನು ಎಳೆದುಕೊಂಡು ಹೋಗಿ ಸ್ಟೋರಿನೊಳಗೆ ಹಾಕಿ ಬೀಗ ಜಡಿದರು. ಪೊಲೀಸರು ಬಂದು ಅಲ್ಲಿಂದಲೇ ಆತನನ್ನು ವಶಕ್ಕೆ ತೆಗೆದುಕೊಂಡರೆಂದು ಆಮೇಲೆ ತಿಳಿಯಿತು.

ಭದ್ರಮ್ಮನವರನ್ನು ಜೀಪಿನ ಹಿಂದೆ ಮಲಗಿಸಿ ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಟವೆಲಿನಿಂದ ಹೆಗಲನ್ನು ಒತ್ತಿ ಹಿಡಿದಿದ್ದೆ. ನಾನು ಯಾರೆಂದು ಕೇಳಿದರು. ಕಥೆ ಬರೆದವಳು ಎಂದೆ. ಆಕೆಗೆ ಓದಲು ಬರುವುದಿಲ್ಲ. ಕಥೆಯಲ್ಲಿ ಏನಿತ್ತೆಂದು ನಾನೇ ಹೇಳಬೇಕಾಯಿತು. ಸೆರಗಿನ ಮಾತು ಬಂದಾಗ ನನ್ನ ಕೈ ಹಿಡಿದುಕೊಂಡು, "ಯಾರವ್ವ ಏಳಿದ್ದು ನಿಂಗೆ?" ಎಂದರು. ಬೆಳಿಗ್ಗೆಯಿಂದ ನಾನು ಒದೆ ತಿಂದದ್ದು ಇದೇ ಪ್ರಶ್ನೆಗೆ. ಯಾರೂ ಇಲ್ಲಮ್ಮ, ನಾನೇ ಕಟ್ಟಿದ್ದು ಎಂದೆ. "ಸುಳ್ಳೇಳ್ಬ್ಯಾಡ ಕಣವ್ವ. ನಾನು ಕಂಡಿದ್ದು, ನಾನು ಎಡಕ್ಕೆ ಆಕಿದ್ದು. ಆ ತಾಯಿ ಕುತ್ಗೇಲಿ ಬೆರಳಿನ ಗುರ್ತೂ ಇತ್ತು, ಸೆರಗಲ್ಲೇ ಮುಚ್ಚಿದ್ದೆ. ಲೈನ್ ಬುಡಿಸ್ತಾರೆ ಅಂತ ಬಾಯಿ ಬಿಡ್ಲಿಲ್ಲ" ಎಂದರು. ಮತ್ತೆ ಸ್ವಲ್ಪ ಹೊತ್ತಿಗೆ ಅವರಿಗೆ ಪ್ರಜ್ಞೆ ತಪ್ಪಿತು. ಸಕಲೇಶಪುರದಲ್ಲಿ ಪ್ರಥಮ ಚಿಕಿತ್ಸೆ ಮಾಡಿ ಇಬ್ಬರನ್ನೂ ಹಾಸನಕ್ಕೆ ಕಳಿಸಿದರು.

ನನಗೆ ಎರಡು ಪಕ್ಕೆಲುಬು ಮುರಿದಿವೆ, ಎಡಗಿವಿ ಕೇಳಿಸುತ್ತಿಲ್ಲ. ಭದ್ರಮ್ಮನವರು ಆಪರೇಷನ್ ಆಗಿ ಪಕ್ಕದ ಮಂಚದಲ್ಲಿದ್ದಾರೆ. ಬೆರಳುಗಳನ್ನು ಜೋಡಿಸಲು ಆಗಲಿಲ್ಲ. ನನ್ನ ಕಥೆ ಅಚ್ಚಾಗದೆ ವಾಪಸ್ ಬಂದಿದ್ದರೆ ಅವು ಅವರ ಕೈಯಲ್ಲಿಯೇ ಇರುತ್ತಿದ್ದವು. ಇದನ್ನು ಅವರಿಗೆ ಹೇಳಿದೆ.

ಈ ದಿನ ಬೆಳಿಗ್ಗೆ ನರ್ಸ್ ಗಾಯಕ್ಕೆ ಕಟ್ಟು ಬದಲಿಸಿ ಹೋದ ಮೇಲೆ ಅವರಾಗಿಯೇ ನನ್ನ ಕಡೆ ತಿರುಗಿ, "ನಿನ್ ಕತೇಲಿ ಆವಯ್ಯನಿಗೆ ಕೊನೀಗೆ ಏನಾಯ್ತವ್ವ?" ಎಂದು ಕೇಳಿದರು. ಏನೂ ಆಗುವುದಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ, ಆತ ಮರುವರ್ಷದ ಕಾಫಿ ಕೊಯ್ಲು ಮಾಡಿಸುತ್ತಾನೆ, ಅಲ್ಲಿಗೆ ಕಥೆ ಮುಗಿಯುತ್ತದೆ ಎಂದೆ. ಹಾಗೆ ಮುಗಿಸಿದ್ದನ್ನು ಪತ್ರಿಕೆಯ ಸಂಪಾದಕರು ಫೋನ್ ಮಾಡಿ ಹೊಗಳಿದ್ದರು. ಅದನ್ನು ಭದ್ರಮ್ಮನವರಿಗೆ ಹೇಳಲು ನಾಚಿಕೆಯಾಯಿತು.

ಅವರು, "ಪೊಲೀಸ್ನೋರು ಬತ್ತಾರಲ್ಲ, ಇದನ್ನಾದ್ರೂ ಸರ್ಯಾಗಿ ಬರ್ಸು. ನಂದೂ ಬರ್ಕೊಳ್ಳಾಕೇಳು, ನಾನೇ ಏಳ್ತೀನಿ" ಎಂದರು.

ಆದ್ದರಿಂದ ನನ್ನ ಹೇಳಿಕೆ ಮುಗಿದ ಕೂಡಲೇ ಭದ್ರಮ್ಮನವರದನ್ನೂ ಬರೆದುಕೊಳ್ಳಬೇಕೆಂದು ಕೋರುತ್ತೇನೆ. ಶೃತಿಯವರ ಸಾವಿನ ತನಿಖೆಯನ್ನು ಹೊಸದಾಗಿ ನಡೆಸಬೇಕೆಂದೂ ಕೋರುತ್ತೇನೆ. ಮೇಲಿನದ್ದನ್ನು ನನಗೆ ಓದಿ ಹೇಳಲಾಗಿದೆ. ಕೇಳುವ ಕಿವಿಯನ್ನು ಅತ್ತ ಮಾಡಿ ಪೂರ್ತಿ ಕೇಳಿಸಿಕೊಂಡಿದ್ದೇನೆ. ಇದರಲ್ಲಿ ನಾನು ಕಟ್ಟಿದ್ದು ಏನೂ ಇಲ್ಲ.

ಸ್ಥಳ: ಹಾಸನ
ದಿನಾಂಕ: 19-11-2024
(ಸಹಿ) ಶೀಲಾ