ಬರೋದು ಬಿಟ್ಟವರು

ಇವತ್ತು ಮುಂದಿನ ಸಾಲಲ್ಲಿ ಡಾಕ್ಟರುಗಳು, ಸಿಸ್ಟರುಗಳು ಕೂತಿದ್ದಾರೆ. ನಾಲ್ಕು ದಿನದಿಂದ ನಮ್ಮ ಮಠದಲ್ಲೇ ಇವರಿಗೆ ತರಬೇತಿ ನಡೀತಿದೆ. ರೋಗಿ ಹೇಗಿದ್ದಾನೆ ಅಂತ ನೋಡೋದು ಇವರಿಗೆ ಗೊತ್ತು. ತಮ್ಮ ಆಸ್ಪತ್ರೆ ಹೇಗಿದೆ ಅಂತ ನೋಡೋದು, ನೋಡಿ ತಿದ್ದೋದು, ಅದಕ್ಕೆ ಈ ತರಬೇತಿ. ನಿನ್ನೆ ಒಬ್ಬ ಡಾಕ್ಟರು ನನ್ನ ಹತ್ತಿರ ಬಂದು, "ಬುದ್ಧಿ, ಹದಿನೈದು ವರ್ಷ ಸರ್ವಿಸ್ ಆಯ್ತು, ಇನ್ನೇನು ಕಲಿಯೋದಿದೆ ನಮಗೆ?" ಅಂದರು. ಯಾರು ಅಂತ ನಾನು ಹೇಳೋದಿಲ್ಲ. ಈಗ ತಲೆ ಬಗ್ಗಿಸಿದರಲ್ಲ, ನೀವೇ ನೋಡಿಕೊಳ್ಳಿ. ಅವರಿಗೊಂದು ಕಥೆ ಹೇಳ್ತೀನಿ. ನೀವೂ ಕೇಳಿ, ನಿಮಗೂ ಬರುತ್ತೆ ಸರದಿ.

ಒಂದೂರು ಅಂತ ಇಟ್ಟುಕೊಳ್ಳಿ. ಹೆಸರು ಬೇಡ. ಹೆಸರು ಹೇಳಿದರೆ ಆ ಊರಿನವರನ್ನ ಬೈದು ಹಾಯಾಗಿ ಮನೆಗೆ ಹೋಗ್ತೀರಿ. ಆ ಊರಲ್ಲಿ ಒಬ್ಬ ಶ್ರೀಮಂತ ಇದ್ದ. ಒಳ್ಳೆಯವನೇ. ತಂದೆಯ ಹೆಸರಲ್ಲಿ ಆಸ್ಪತ್ರೆ ಕಟ್ಟಿಸಿದ. ಒಳಗೆ ಕಾಲಿಟ್ಟರೆ ದೊಡ್ಡ ಹಾಲು, ಮುಖ ಕಾಣೋ ಹಾಗೆ ಗ್ರಾನೈಟು, ನಡುವೆ ತಂದೆಯ ಫೋಟೋ, ಅದಕ್ಕೆ ಗಂಧದ ಹಾರ. ಬೇಡ ಅಂದೋರ್ಯಾರು? ತಂದೆಯ ಮೇಲೆ ಪ್ರೀತಿ.

ಅಲ್ಲಿನ ಡಾಕ್ಟರಿಗೆ ಕೈಗುಣ ಚೆನ್ನಾಗಿದೆ ಅಂತ ಸುತ್ತೂರಲ್ಲೆಲ್ಲ ಮಾತು. ಅವರ ಕೋಣೆಯ ಹೊರಗೊಂದು ಬೋರ್ಡು. "ಈ ವರ್ಷ ಗಾಯಕ್ಕೆ ಚಿಕಿತ್ಸೆ ಪಡೆದವರು ಮುನ್ನೂರು. ಗುಣವಾದವರು ಇನ್ನೂರ ತೊಂಬತ್ತು." ದಿನಾ ಬೆಳಿಗ್ಗೆ ಅದನ್ನ ಓದಿಕೊಂಡೇ ಡಾಕ್ಟರು ಒಳಗೆ ಹೋಗೋದು.

ಆ ಇನ್ನೂರ ತೊಂಬತ್ತರಲ್ಲಿ ಒಬ್ಬ ಹೆಣ್ಣುಮಗಳು. ಹೊಲಿಗೆ ಕೆಲಸ, ಕಾಲಲ್ಲಿ ತುಳಿಯೋ ಮಿಷನ್ನು. ಮುರಿದ ಸೂಜಿಯೊಂದು ಪಾದಕ್ಕೆ, ಬೆರಳಿನ ಬುಡಕ್ಕೆ ಚುಚ್ಚಿತ್ತು. ಸಕ್ಕರೆ ಕಾಯಿಲೆ ನೋಡಿ, ಚುಚ್ಚಿದ್ದೇ ಗೊತ್ತಾಗಲಿಲ್ಲ. ಗಾಯ ಒಸರೋಕೆ ಶುರುವಾದ ಮೇಲೆ ಬಂದಳು. ಡಾಕ್ಟರು ಚೆನ್ನಾಗಿ ನೋಡಿದರು, ಒಳ್ಳೆ ಮಾತ್ರೆ ಬರೆದರು. "ಒಂದು ದಿನ ಬಿಟ್ಟು ಒಂದು ದಿನ ಬಂದು ಡ್ರೆಸಿಂಗ್ ಮಾಡಿಸ್ಕೋಬೇಕಮ್ಮ, ತಪ್ಪಿಸಬೇಡ" ಅಂದರು. ನಾಲ್ಕು ಸಲ ಬಂದಳು. ಐದನೇ ಸಲ ಬರಲಿಲ್ಲ. ಆರನೇ ಸಲವೂ ಬರಲಿಲ್ಲ. ಆಸ್ಪತ್ರೆಯ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಏನು ಬರೆದರು ಗೊತ್ತಾ? "ಗುಣ."

ನಗಬೇಡಿ. ನಿಮ್ಮದೂ ಇದೆ, ಅದಕ್ಕೆ ಆಮೇಲೆ ಬರ್ತೀನಿ.

ಇಂಥ ಹೊತ್ತಿಗೆ ಆ ಡಾಕ್ಟರಿಗೂ ತರಬೇತಿ ಅಂತ ಬಂತು. ಕಲಿಸೋಕೆ ಬಂದವರು ರಿಟೈರಾದ ಒಬ್ಬ ಸಿಸ್ಟರು. ಡಾಕ್ಟರ ಮುಖ ಸಣ್ಣದಾಯ್ತು. "ನೀವು ನನಗೆ ಏನು ಕಲಿಸ್ತೀರಿ ಸಿಸ್ಟರ್?"

"ವೈದ್ಯ ಕಲಿಸೋಕೆ ಬಂದಿಲ್ಲ ಡಾಕ್ಟ್ರೇ. ನಿಮ್ಮ ಆಸ್ಪತ್ರೇನ ನಿಮಗೆ ತೋರಿಸೋಕೆ ಬಂದಿದ್ದೀನಿ" ಅಂದರು ಆಕೆ. ಬೋರ್ಡಿನ ಮುಂದೆ ನಿಂತು, "ಇಷ್ಟು ಜನ ಗುಣವಾಗಿದ್ದನ್ನ ಯಾರು ನೋಡಿದ್ದು?" ಅಂತ ಕೇಳಿದರು.

"ನೋಡೋದೇನು? ನೋವಿದ್ದಿದ್ರೆ ಬರ್ತಿದ್ರು."

"ಸಕ್ಕರೆ ಕಾಯಿಲೆಯವರ ಕಾಲಿಗೆ ನೋವು ಗೊತ್ತಾಗುತ್ತಾ ಡಾಕ್ಟ್ರೇ?"

ಇದು ಮೊದಲ ವರ್ಷದ ಹುಡುಗರಿಗೂ ಗೊತ್ತಿರೋ ಪಾಠ. ಡಾಕ್ಟರು ಗೊತ್ತಿದ್ದೂ ಮರೆತಿದ್ದರು. ಯಾಕೆ ಮರೆತರು? ಬೋರ್ಡು ನೋಡೋಕೆ ಚೆನ್ನಾಗಿತ್ತು, ಅದಕ್ಕೆ.

ಸಿಸ್ಟರು ಪುಸ್ತಕದಿಂದ ಗುಣವಾದವರ ಹೆಸರು ಮೂರು ಆರಿಸಿದರು. "ನಡೀರಿ, ಇವರ ಮನೆಗೆ ಹೋಗಿ ಬರೋಣ. ಒಂದೇ ಒಂದು ನೇಮ. ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಬೇಕು."

ಮೊದಲನೇ ಮನೆಯವನು ನಿಜಕ್ಕೂ ಗುಣವಾಗಿದ್ದ. ಮಂಡಕ್ಕಿ ಒಗ್ಗರಣೆ ಕೊಟ್ಟು, ಕಾಲಿಗೆ ಬಿದ್ದು ಕಳಿಸಿದ. ಎರಡನೇ ಮನೆಯಲ್ಲೂ ಹಾಗೇ. ಡಾಕ್ಟರಿಗೆ ಬೀದಿ ಸಾಲದ ಹಾಗಾಯ್ತು. "ನೋಡಿದ್ರಾ ಸಿಸ್ಟರ್?" "ನೋಡಿದೆ ಡಾಕ್ಟ್ರೇ. ಇನ್ನೂ ಒಂದು ಮನೆ ಇದೆ."

ಮೂರನೇ ಮನೆ ನಮ್ಮ ಹೊಲಿಗೆಯವಳದು. ಒಂದೇ ಕಾಲಲ್ಲಿ ಮಿಷನ್ನು ತುಳೀತಾ ಕೂತಿದ್ದಳು. ಇನ್ನೊಂದು ಕಾಲಿಗೆ ಲೈನಿಂಗ್ ಬಟ್ಟೆ ಸುತ್ತಿತ್ತು. ಡಾಕ್ಟರನ್ನ ಕಂಡಿದ್ದೇ ಆ ಕಾಲನ್ನ ಸೀರೆಯೊಳಗೆ ಎಳಕೊಂಡಳು. ತಪ್ಪು ಅವಳದು ಅನ್ನೋ ಹಾಗೆ!

"ಯಾಕಮ್ಮ ಬರೋದು ಬಿಟ್ಟೆ? ನಾನು ಅವತ್ತೇ ಹೇಳಿದ್ದೆ, ತಪ್ಪಿಸಬೇಡ ಅಂತ, ನೀವು ಜನ..." ಸಿಸ್ಟರು ಮೆಲ್ಲಗೆ ಅವರ ತೋಳು ಮುಟ್ಟಿದರು. ನೇಮ ನೆನಪಾಯ್ತು. ಡಾಕ್ಟರು ಬಾಯಿ ಮುಚ್ಚಿದರು. ಅಯ್ಯೋ, ಎಷ್ಟು ಕಷ್ಟ ಗೊತ್ತಾ ಅದು? ಉಪವಾಸ ಮಾಡಬಹುದು. ಸುಮ್ಮನಿರೋದು ಕಷ್ಟ.

ಸ್ವಲ್ಪ ಹೊತ್ತಾದ ಮೇಲೆ ಅವಳಂದಳು, "ನಿಮ್ಮ ಮೇಲೆ ದೂರಿಲ್ಲ ಸಾಹೇಬ್ರೇ. ನಿಮ್ಮ ಮಾತ್ರೆ ಚೆನ್ನಾಗೇ ಹಿಡಿದಿತ್ತು. ಮೆಟ್ಟಿಲು ಹತ್ತಿ ಇಳಿಯೋಕಾಗಲಿಲ್ಲ."

"ಯಾವ ಮೆಟ್ಟಿಲು?"

"ಕಟ್ಟು ಕಟ್ಟೋ ರೂಮಿಂದು. ಇಪ್ಪತ್ತೆರಡು ಮೆಟ್ಟಿಲು. ಹತ್ತೋವಾಗ ಹೇಗೋ ಹತ್ತಿಬಿಡ್ತಿದ್ದೆ. ಇಳಿಯೋವಾಗ ಪಾದದ ಮೇಲೆ ಭಾರ ಬಿದ್ದು, ಹೊಸ ಕಟ್ಟೆಲ್ಲ ರಕ್ತ. ಹೋಗಿ ಬಂದ ದಿನವೇ ಗಾಯ ಜಾಸ್ತಿ ಬಾಯಿ ಬಿಡ್ತಿತ್ತು. ಅದಕ್ಕೆ ಮನೇಲೇ ಕಟ್ಟಿಕೊಂಡೆ."

ನೋಡಿ, ಎಂಟು ವರ್ಷದಿಂದ ಆ ಡಾಕ್ಟರು ಅಲ್ಲಿದ್ದಾರೆ. ಡ್ರೆಸಿಂಗ್ ರೂಮು ಮಹಡಿ ಮೇಲಿದೆ ಅಂತ ಅವರಿಗೆ ಗೊತ್ತಿತ್ತು. ಅಲ್ಲಿಗೆ ಮೆಟ್ಟಿಲಿದೆ ಅಂತ ಗೊತ್ತಿರಲಿಲ್ಲ! ಕಾಲಿನ ಗಾಯದವರನ್ನ ದಿನಾ ಮೆಟ್ಟಿಲು ಹತ್ತಿಸ್ತಿದ್ದರು. ಮಹಡಿಯ ಮೇಲೆ ಡ್ರೆಸಿಂಗ್ ಮಾಡೋ ಸಿಸ್ಟರಿಗೆ ಇದು ಗೊತ್ತಿರಲಿಲ್ಲವಾ? ಚೆನ್ನಾಗಿ ಗೊತ್ತಿತ್ತು. ಅವರನ್ನ ಕೇಳಿದವರು ಯಾರು?

ಡಾಕ್ಟರು ನೆಲದ ಮೇಲೆ ಕೂತು ತಾವೇ ಆ ಬಟ್ಟೆ ಬಿಚ್ಚಿದರು. ಎರಡು ಬೆರಳು ಕಪ್ಪಾಗಿದ್ದವು. ಅವರಿಗೆ ಕಣ್ಣು ತುಂಬಿ ಬಂತು. ಆಟೋದಲ್ಲಿ ತಾವೇ ಜೊತೆಗೆ ಕೂತು ಕರೆತಂದರು. ಬೆರಳು ಎರಡೂ ಹೋದವು. ಕಾಲು ಉಳಿಯಿತು. ಇನ್ನೊಂದು ವಾರ ತಡವಾಗಿದ್ದರೆ ಮೊಣಕಾಲಿನವರೆಗೆ ತೆಗೀಬೇಕಿತ್ತು, ಮಿಷನ್ನು ಮೂಲೆಗೆ ಸೇರ್ತಿತ್ತು. ಪುಸ್ತಕದಲ್ಲಿ ಮಾತ್ರ ಅವಳು ಗುಣವಾಗೇ ಇರ್ತಿದ್ದಳು.

ಇನ್ನು ಶ್ರೀಮಂತನ ಹತ್ತಿರ ಹೋಗಬೇಕಿತ್ತು. ಡಾಕ್ಟರು ಹೋದರು. "ಯಜಮಾನ್ರೇ, ಡ್ರೆಸಿಂಗ್ ರೂಮು ಕೆಳಗಿನ ಹಾಲಿಗೆ ಬರಬೇಕು."

"ನಮ್ಮಪ್ಪನ ಫೋಟೋ ಎತ್ತಂಗಡಿ ಮಾಡ್ತೀರಾ?" ಅಂತ ಅವನು ಎದ್ದು ನಿಂತ.

ಡಾಕ್ಟರು ವಾದ ಮಾಡಲಿಲ್ಲ, ಕಲಿತಿದ್ದರಲ್ಲ. "ಒಂದು ಸಲ ಬನ್ನಿ. ಬೆರಳು ಊರದೆ, ಹಿಮ್ಮಡಿ ಮಾತ್ರ ಊರಿ ಮೇಲೆ ಹತ್ತಿ. ಆಮೇಲೆ ನೀವು ಹೇಳಿದ ಹಾಗೆ."

ಶ್ರೀಮಂತ ಹಟದಿಂದ ಹತ್ತಿದ. ಒಂಬತ್ತನೇ ಮೆಟ್ಟಿಲಿಗೆ ಕಂಬಿ ಹಿಡಿದು ನಿಂತುಬಿಟ್ಟ. ಬೆವರು. ಕೆಳಗಿದ್ದ ಫೋಟೋ ಕಡೆಗೇ ನೋಡಿದ. "ಅಪ್ಪನಿಗೆ ಮಂಡಿನೋವಿತ್ತು. ಬದುಕಿದ್ದಿದ್ರೆ ಅವರಿಗೂ ಇದನ್ನ ಹತ್ತೋಕಾಗ್ತಿರಲಿಲ್ಲ" ಅಂದ. ಬೆವರು ಒರೆಸಿಕೊಂಡು, "ಫೋಟೋನ ಮೇಲಿಡಿ. ಈಗ ಅವರಿಗೆ ಮೆಟ್ಟಿಲಿನ ಕಷ್ಟ ಇಲ್ಲ" ಅಂದ. ಎರಡೇ ದಿನದಲ್ಲಿ ರೂಮು ಕೆಳಗೆ ಬಂತು.

ಬೋರ್ಡಿನ ಮೇಲೆ ಡಾಕ್ಟರು ಇನ್ನೊಂದು ಸಾಲು ಬರೆಸಿದರು. "ಬರೋದು ಬಿಟ್ಟವರು." ಅಂಥವರು ಯಾರೇ ಇರಲಿ, ವಾರದೊಳಗೆ ಯಾರಾದರೂ ಅವರ ಮನೆಗೆ ಹೋಗಬೇಕು. ಮುಂದಿನ ವರ್ಷ ಗುಣವಾದವರು ಇನ್ನೂರ ಹತ್ತೇ ಜನ. "ಕಡಿಮೆ ಆಯ್ತಲ್ಲ ಡಾಕ್ಟ್ರೇ?" ಅಂದ ಶ್ರೀಮಂತ. "ಇಷ್ಟೂ ಜನರನ್ನ ನಾನು ಕಣ್ಣಾರೆ ನೋಡಿದ್ದೀನಿ ಯಜಮಾನ್ರೇ" ಅಂದರು ಡಾಕ್ಟರು.

ಡಾಕ್ಟರುಗಳೇ, ನಾಳೆ ನಿಮ್ಮ ಆಸ್ಪತ್ರೆಗೆ ಹೋದ ತಕ್ಷಣ ಕುರ್ಚಿ ಮೇಲೆ ಕೂರಬೇಡಿ. ಗೇಟಿನಿಂದ ಮಾತ್ರೆ ಕೊಡೋ ಕಿಟಕಿಯವರೆಗೆ ರೋಗಿ ನಡೆಯೋ ದಾರಿ ಪೂರ್ತಿ ನಡೀರಿ. ನಿಮ್ಮ ಸಿಸ್ಟರನ್ನ, ನೆಲ ಒರೆಸೋ ಅಮ್ಮನನ್ನ ಕೇಳಿ, ಅವರು ದಿನಾ ನೋಡ್ತಾರೆ. ಬರೋದು ಬಿಟ್ಟ ನಾಲ್ಕು ಜನರ ಮನೆಗೆ ಹೋಗಿ. ನಿಮ್ಮಿಂದ ಆಗುತ್ತೆ, ನನಗೆ ಅನುಮಾನವೇ ಇಲ್ಲ.

ಉಳಿದವರು ಯಾಕೆ ನಗ್ತಿದ್ದೀರಿ? ಸೊಸೆ ಜಗಳ ಆಡೋದು ಬಿಟ್ಟಳು, ಈಗ ಮನೇಲಿ ಶಾಂತಿ ಅಂತೀರಲ್ಲ ತಾಯಂದಿರೇ, ಅವಳನ್ನ ಕೇಳಿದ್ದೀರಾ? ಅಂಗಡಿಯವರೇ, ಹತ್ತು ವರ್ಷದ ಗಿರಾಕಿ ಬೀದಿಯ ಆಚೆ ಬದಿಯಲ್ಲಿ ಯಾಕೆ ನಡೀತಾನೆ? ಮೇಷ್ಟ್ರೇ, ಪ್ರಶ್ನೆ ಕೇಳೋದು ನಿಲ್ಲಿಸಿದ ಹುಡುಗಿಗೆ ಎಲ್ಲ ಅರ್ಥವಾಗಿದೆ ಅಂತ ಬರಕೊಂಡಿದ್ದೀರಾ? ಬಾಯಿ ಮುಚ್ಚಿದವರನ್ನೆಲ್ಲ ಸುಖವಾಗಿದ್ದಾರೆ ಅಂತ ಬರೆಯೋ ಬೋರ್ಡು ನಿಮ್ಮ ಗೋಡೆ ಮೇಲೂ ಇದೆ.

ನನ್ನ ಗೋಡೆ ಮೇಲೂ ಇತ್ತು. ಆ ಕಂಬದ ಹತ್ತಿರ ಕೂರ್ತಿದ್ದ ಹಿರಿಯರು, ಕೊಟ್ರಬಸಪ್ಪನವರು, ನಾಲ್ಕು ತಿಂಗಳಿಂದ ಬಂದಿರಲಿಲ್ಲ. ಅವರಿಗೆ ವೈರಾಗ್ಯ ಬಂದಿದೆ, ಇನ್ನು ನನ್ನ ಮಾತು ಬೇಕಿಲ್ಲ ಅಂದುಕೊಂಡೆ. ಎಷ್ಟು ಜಂಭ ನೋಡಿ ನನಗೆ! ಮೊನ್ನೆ ಮನೆಗೆ ಹೋಗಿ ಕೇಳಿದೆ, ಕೇಳಿ ಸುಮ್ಮನೆ ಕೂತೆ. "ಬುದ್ಧಿ, ಕಿವಿ ಮಂದವಾಗಿದೆ. ಎಲ್ಲರೂ ನಕ್ಕಾಗ ನಾನೂ ಸುಮ್ಮನೆ ನಗ್ತಿದ್ದೆ. ನಾಚಿಕೆಯಾಗಿ ಬಿಟ್ಟೆ" ಅಂದರು.

ಈ ವಾರ ನೀವು ಮಾಡಬೇಕಾದದ್ದು ಇಷ್ಟೇ. ನಿಮ್ಮ ಹತ್ತಿರ ಬರೋದು ಬಿಟ್ಟ ಒಬ್ಬರ ಮನೆಗೆ ಹೋಗಿ. ಯಾಕೆ ಅಂತ ಕೇಳಿ. ಉತ್ತರ ಮುಗಿಯೋವರೆಗೆ ನಡುವೆ ಬಾಯಿ ಹಾಕಬೇಡಿ. ಕೇಳಿಸಿಕೊಂಡದ್ದರಲ್ಲಿ ಒಂದನ್ನ ಎರಡು ದಿನದೊಳಗೆ ಸರಿ ಮಾಡಿ.

ನಾನು ಮಾಡಿದ್ದೀನಿ. ಆ ಕಂಬಕ್ಕೆ ಇವತ್ತು ಹೊಸ ಸ್ಪೀಕರ್ ಕಟ್ಟಿಸಿದ್ದೀನಿ. ಕೊಟ್ರಬಸಪ್ಪನವರೇ, ಕೇಳಿಸ್ತಾ ಇದೆಯಾ?

ಕೈ ಎತ್ತಿದರು ನೋಡಿ. ಇನ್ನು ನೀವು ಏಳಿ.